ಒತ್ತುಹಲಗೆಯೊಳಗೆ ಚಿಗುರಿದ ಈರುಳ್ಳಿ

ಗಿಡಗಳನ್ನು ಒತ್ತುಹಲಗೆಗಳ ನಡುವೆ ಬಿಗಿದು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಹೆಸರು ಬರೆದು, ಬೀರುಗಳಲ್ಲಿ ಜೋಪಾನ ಮಾಡುವ ಕಚೇರಿಯೊಂದಿತ್ತು. ಅಲ್ಲಿ ಇಪ್ಪತ್ತಾರು ವರ್ಷ ಗೋಂದು ಹಚ್ಚಿದವಳಿಗೆ ಎಲ್ಲರೂ ಇಟ್ಟ ಹೆಸರು ಅಂಟಕ್ಕ. ಅವಳ ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳುತ್ತಿದ್ದ ಮೊದಲ ಪಾಠ ಎರಡು ಗಿಡಗಳದು.

"ಬೆಟ್ಟದ ಸೂಜಿಯೆಲೆ ಮರ ನೋಡಿ, ಹಿಮ ಬಿದ್ರೂ ಜಗ್ಗಲ್ಲ. ಕೊಂಬೆ ಕಡಿದು ಒಣಗಿಸಿದ್ರೋ, ವಾರದಲ್ಲಿ ಎಲೆಯೆಲ್ಲ ಉದುರಿ ಬೋಳು. ಕಾಡೀರುಳ್ಳಿ ನೋಡೋಕೆ ಬಡಕಲು, ಆದ್ರೆ ಅದಕ್ಕೆ ಸಾಯೋದೇ ಗೊತ್ತಿಲ್ಲ. ಕಾಗದದ ಮಧ್ಯೆ ಒತ್ತಿಟ್ರೂ ಗಡ್ಡೆ ಚಿಗುರುತ್ತೆ. ಅದಕ್ಕೇ ಎರಡನ್ನೂ ಮೊದಲು ಕುದಿಯೋ ನೀರಲ್ಲಿ ಅದ್ದಬೇಕು; ಆಗ ಅದು ಉದುರಲ್ಲ, ಇದು ಚಿಗುರಲ್ಲ."

ಒಮ್ಮೆ ಬೆಟ್ಟದ ಮೇಷ್ಟ್ರು ಎರಡನ್ನೂ ತಂದರು. ಎಪ್ಪತ್ತೊಂದು ತುಂಬಿದ್ದರೂ ತಾವೇ ಬೆಟ್ಟ ಹತ್ತಿ ಕಚೇರಿಗೆ ಗಿಡ ತರುತ್ತಿದ್ದವರು. ಆ ಜಾತಿಯ ಈರುಳ್ಳಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಬಂಡೆಯ ಸಂದಿಯಲ್ಲಿ. ಅಂಟಕ್ಕ ಕೊಂಬೆಯನ್ನು ಅದ್ದಿ ತೆಗೆದಳು. ಪಕ್ಕದ ಮೇಜಿನವಳ ಜೊತೆ ಹರಟುತ್ತ ಬಿಸಿನೀರು ಚೆಲ್ಲಿಬಿಟ್ಟಳು. ಈರುಳ್ಳಿಯನ್ನು ಹಾಗೆಯೇ, ಅದ್ದದೆ, ಒತ್ತುಹಲಗೆಯೊಳಗಿಟ್ಟು ಬಿಗಿದಳು.

ಹತ್ತು ದಿನ ಬಿಟ್ಟು ಹಲಗೆ ಬಿಚ್ಚಿದರೆ ಬೆಳ್ಳನೆಯ ಮೊಳಕೆ, ಕೊಳೆತ ಹೂ, ಸುತ್ತ ಬೂಷ್ಟು. ಮೇಷ್ಟ್ರು ಎದುರಿಗೇ ನಿಂತಿದ್ದರು. ತನ್ನ ತಪ್ಪು ಆ ಕ್ಷಣಕ್ಕೇ ಅವಳಿಗೆ ಹೊಳೆಯಿತು. ಆದರೆ ಬಾಯಿಂದ ಬಂದದ್ದು ಬೇರೆ.

"ನೆಂದಿದ್ದನ್ನ ತಂದಿದ್ದೀರಿ ಮೇಷ್ಟ್ರೇ."

"ಇರಬಹುದಮ್ಮಾ. ವಯಸ್ಸಾಯ್ತಲ್ಲ, ಒರೆಸೋದು ಮರೆತಿರ್ತೀನಿ."

ಆಮೇಲೆ ಅವರು ಕಚೇರಿಯ ಕಡೆ ತಲೆ ಹಾಕಲಿಲ್ಲ. ಪಾಠ ಹೇಳುವಾಗ ಈರುಳ್ಳಿಯ ಹತ್ತಿರ ಬಂದರೆ ಅಂಟಕ್ಕನ ನಾಲಿಗೆ ತಡವರಿಸುತ್ತಿತ್ತು. ಮೂರು ತಿಂಗಳು ಹೀಗೆ ಬೆಂದು, ಕೊನೆಗೊಂದು ದಿನ ಅವರ ಮನೆಯ ಬಾಗಿಲು ತಟ್ಟಿದಳು.

"ನಾನು ಅದ್ದಿರಲಿಲ್ಲ ಮೇಷ್ಟ್ರೇ. ತಪ್ಪು ನಂದು, ನಿಮ್ಮ ತಲೆಗೆ ಕಟ್ದೆ."

ಮೇಷ್ಟ್ರ ಹೆಂಡತಿ ಒಳಗಿಂದ ಬಂದರು. "ಅವತ್ತೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? 'ಇನ್ನು ನನ್ನ ಕೈಲಾಗಲ್ಲ' ಅಂತ ಇವರು ಕೂತೋರು ಕೂತೇ ಇದ್ದಾರೆ. ಈಗ ಮಂಡಿ ಹಿಡ್ಕೊಂಡಿದೆ, ಮೆಟ್ಟಿಲು ಇಳಿಯೋಕೂ ಆಗಲ್ಲ."

"ಬಿಡೇ," ಎಂದರು ಮೇಷ್ಟ್ರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಕಾಗದವೊಂದನ್ನು ಎಳೆದುಕೊಂಡು ಆ ಬಂಡೆಯ ದಾರಿಯನ್ನು ಬರೆದರು.

"ಮುಂದಿನ ಹೂವಿನ ಕಾಲಕ್ಕೆ ನೀನೇ ಹತ್ತಬೇಕು ಕಣಮ್ಮಾ. ಒಂದೇ ಗಡ್ಡೆ ತಾ, ಉಳಿದವನ್ನ ಮುಟ್ಟಬೇಡ."

ಬೆಟ್ಟವನ್ನು ಕಚೇರಿಯ ಕಿಟಕಿಯಿಂದಷ್ಟೇ ಕಂಡಿದ್ದ ಅಂಟಕ್ಕ "ಹೂಂ" ಎಂದು ಕಾಗದ ಮಡಚಿಕೊಂಡಳು. ತಲೆ ಮಾತ್ರ ಎತ್ತಲಿಲ್ಲ.