ಅಕ್ಕನ ಕೈಯಲ್ಲಿ ನನ್ನ ಕುಡುಪು

ನಮ್ಮ ಅಮ್ಮ ಒಂದು ಮಾತು ಹೇಳುತ್ತಿದ್ದಳು: ದೊಡ್ಡವಳಿಗೆ ಮುಖ, ಸಣ್ಣವಳಿಗೆ ಕೈ. ಸಣ್ಣವಳು ನಾನು. ಅಮ್ಮ ಇದನ್ನು ನ್ಯಾಯವಾದ ಪಾಲು ಎಂದೇ ತಿಳಿದಿದ್ದಳು. ನನಗೆ ಒಂದು ದಿನವೂ ಹಾಗೆ ಅನ್ನಿಸಿದ್ದಿಲ್ಲ. ಕೈ ಚೆನ್ನಾಗಿದೆ ಎಂದು ಯಾರೂ ದಾರಿಯಲ್ಲಿ ತಿರುಗಿ ನೋಡುವುದಿಲ್ಲ.

ನಾವು ಕೊರಗರು. ಕಾಡುಬಳ್ಳಿ ತಂದು, ಸೀಳಿ, ಬುಟ್ಟಿ ಹೆಣೆಯುವುದು ಹಿರಿಯರ ಕಸುಬು. ನಾನು ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವವಳಾದರೂ ರಜೆಯ ದಿನ ಕುಡುಪು ಹೆಣೆಯದಿದ್ದರೆ ಸಮಾಧಾನವಿಲ್ಲ. ಅನ್ನ ಬಸಿಯುವ ಆ ಅಗಲ ಬುಟ್ಟಿಯನ್ನು ಮದುವೆ ಅಡುಗೆಯವರು ಈಗಲೂ ಕೇಳಿಕೊಂಡು ಬರುತ್ತಾರೆ. ಅಕ್ಕನಿಗೆ ಬಳ್ಳಿ ಮುಟ್ಟಿದರೆ ಕೈ ತುರಿಸುತ್ತದಂತೆ. ಅದೇ ನೆಪದಲ್ಲಿ ಅವಳು ಹೆಣಿಗೆ ಕಲಿಯಲೇ ಇಲ್ಲ. ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಆಯಾ ಆಗಿದ್ದಾಳೆ.

ಆ ಕ್ಲಿನಿಕ್ಕಿಗೆ ತಾಯಿಯನ್ನು ಕರೆದುಕೊಂಡು ಬರುತ್ತಿದ್ದ ಒಬ್ಬ ಫೋಟೋಗ್ರಾಫರ್ ಅಕ್ಕನಿಗೆ ಪರಿಚಯವಾದ. ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಹುಡುಗ. ಕರಾವಳಿಯ ಬೇರೆ ಬೇರೆ ಜನರ ಬದುಕು ತೋರಿಸುವ ಫೋಟೋ ಪ್ರದರ್ಶನ ಮಾಡುವವನಿದ್ದ. ಬುಟ್ಟಿ ಹೆಣೆಯುವವರು ಬೇಕು ಎಂದು ದೇರೆಬೈಲಿನ ನಮ್ಮ ಮನೆಗೆ ಬಂದ. ಒಳ್ಳೆಯವನೇ, ಅದರಲ್ಲಿ ಸುಳ್ಳಿಲ್ಲ. ನಾನು ತಲೆಗೆ ಸ್ನಾನ ಮಾಡಿ, ಹೊಸ ಚೂಡಿದಾರ ಹಾಕಿಕೊಂಡು, ಅರ್ಧ ಹೆಣೆದ ಕುಡುಪನ್ನು ಮಡಿಲಲ್ಲಿಟ್ಟು ಅಂಗಳದಲ್ಲಿ ಕೂತಿದ್ದೆ. ಪ್ರದರ್ಶನದ ಗೋಡೆಯ ಮೇಲೆ ನಾನಿರಬೇಕೆಂದು ಎಷ್ಟು ಆಸೆಯಿತ್ತೆಂದರೆ, ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಯೂ ಬಿಟ್ಟಿದ್ದೆ.

ಅವನು ಕ್ಯಾಮೆರಾದಲ್ಲಿ ನನ್ನನ್ನು ನೋಡಿದ. ಕನ್ನಡಕ ತೆಗೆಯಬಹುದೇ ಎಂದು ಕೇಳಿದ. ತೆಗೆದರೆ ಎಳೆ ಕಾಣುವುದಿಲ್ಲ ಎಂದೆ. ಹಳೆಯ ಸೀರೆ ಉಟ್ಟು ಬರಬಹುದೇ ಎಂದ. ಇದನ್ನು ಹಾಕಿಕೊಂಡದ್ದೇ ಫೋಟೋಕ್ಕೆ ಎಂದೆ. ಅಷ್ಟರಲ್ಲಿ ಅಕ್ಕ ಚಹಾ ಹಿಡಿದುಕೊಂಡು ಬಾಗಿಲಿಗೆ ಬಂದಳು. ಮನೆಯಲ್ಲಿ ಉಡುವ ಮಾಸಿದ ಸೀರೆ, ಕೆದರಿದ ಕೂದಲು, ಮತ್ತೆ ಆ ಮುಖ. ಕ್ಯಾಮೆರಾ ಅತ್ತ ತಿರುಗಿದ್ದನ್ನು ನಾನು ನೋಡಿದೆ.

ಕುಡುಪು ನನ್ನ ಮಡಿಲಿನಿಂದ ಅಕ್ಕನ ಮಡಿಲಿಗೆ ಹೋಯಿತು. ಪ್ಲಾಸ್ಟಿಕ್ ಕುರ್ಚಿ, ಸ್ಕೂಟರ್, ಒಣಗಲು ಹಾಕಿದ್ದ ನನ್ನ ಯೂನಿಫಾರ್ಮ್ ಎಲ್ಲವೂ ಮನೆಯ ಹಿಂದಕ್ಕೆ ಹೋದವು. ನನ್ನ ಕೈಗೆ ಅವನು ಬಿಳಿ ಥರ್ಮೋಕೋಲ್ ಹಲಗೆಯೊಂದನ್ನು ಕೊಟ್ಟ. ಬಿಸಿಲು ಅದಕ್ಕೆ ಬಡಿದು ಅಕ್ಕನ ಮುಖದ ಮೇಲೆ ಬೀಳುವಂತೆ ಹಿಡಿಯಬೇಕಂತೆ. ಹಿಡಿದೆ. ಅಕ್ಕ ಯಾವುದೋ ಎಳೆಯನ್ನು ಎಲ್ಲಿಗೋ ತೂರಿಸುತ್ತಾ ಹುಟ್ಟಿದಾಗಿನಿಂದ ಹೆಣೆಯುತ್ತಿರುವವಳ ಹಾಗೆ ತಲೆ ತಗ್ಗಿಸಿದಳು. ನಾನು ಬೇಕೆಂದೇ ಒಮ್ಮೆ ಹಲಗೆಯನ್ನು ಓರೆ ಮಾಡಿದೆ. ಸ್ವಲ್ಪ ಮೇಲೆ ಹಿಡಿಯಿರಿ ಎಂದು ಹುಡುಗ ವಿನಯದಿಂದಲೇ ಹೇಳಿದ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಗೆದ್ದಲೇ ಹಾವಿಗೆ ದೀಪ ಬೇರೆ ಹಿಡಿದಿತ್ತು.

ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಅಕ್ಕ ಕನ್ನಡಿ ನೋಡಿದರೂ ಆಗುತ್ತಿರಲಿಲ್ಲ, ನೋಡದಿದ್ದರೂ ಆಗುತ್ತಿರಲಿಲ್ಲ. ಮೀನು ಸಾರು ಬಡಿಸುವಾಗ ಅವಳ ಬಟ್ಟಲಿಗೆ ಬಾಲದ ತುಂಡನ್ನೇ ಹುಡುಕಿ ಹಾಕುತ್ತಿದ್ದೆ. ಅವಳು ಅದನ್ನೂ ನಗುತ್ತಲೇ ತಿನ್ನುತ್ತಿದ್ದಳು, ಅದಕ್ಕೆ ಇನ್ನಷ್ಟು ಉರಿಯುತ್ತಿತ್ತು.

ಪ್ರದರ್ಶನದ ದಿನ ಅಕ್ಕ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಹೊರಟಳು. ಜೊತೆಗೆ ನಾನು. ಒಳಗೆ ಹೋದರೆ ಎದುರಿಗೇ ಅವಳು, ನಮ್ಮ ಮನೆಯ ಬಾಗಿಲಿನಷ್ಟು ದೊಡ್ಡದಾಗಿ. ಮುಖದ ಮೇಲಿನ ಬೆಳಕು ನಾನು ಹಿಡಿದದ್ದು, ಮಡಿಲಲ್ಲಿದ್ದ ಕುಡುಪು ನಾನು ಹೆಣೆದದ್ದು. ಕೆಳಗೆ 'ಬುಟ್ಟಿ ಹೆಣೆಯುವ ಕೊರಗ ಮಹಿಳೆ' ಎಂದಷ್ಟೇ ಬರೆದಿತ್ತು. ಅಕ್ಕ ಬಗ್ಗಿ ತನ್ನ ಹೆಸರು ಹುಡುಕಿದಳು. ಎಲ್ಲಿಯೂ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಎಂಥ ಕಣ್ಣು, ಆ ಕೈಯಲ್ಲಿ ಎಂಥ ಕಸುಬು ಎಂದು ಹೊಗಳುತ್ತಿದ್ದರು. ಅಕ್ಕ ಚೌಕಟ್ಟಿಗೆ ಒತ್ತಿಕೊಂಡೇ ನಿಂತು ಕಾದಳು. ಒಬ್ಬರೂ ಗುರುತಿಸಲಿಲ್ಲ. ಕೊನೆಗೆ ಒಬ್ಬ ಹೆಂಗಸು ಮೊಬೈಲ್ ಎತ್ತಿ ಹಿಡಿದು ಅಕ್ಕನಿಗೆ, "ಸ್ವಲ್ಪ ಆಚೆ ನಿಲ್ತೀರಾ? ನೀವು ಅಡ್ಡ ಬರ್ತೀರಿ" ಎಂದರು.

ಅಕ್ಕ ಸರಿದಳು. ನನಗೆ ತಡೆಯಲಾಗಲಿಲ್ಲ. ಫೋಟೋದಲ್ಲಿ ಇರುವುದು ಇವಳೇ ಎಂದೆ, ಸ್ವಲ್ಪ ಜೋರಾಗಿಯೇ. ಆ ಹೆಂಗಸು ಗೋಡೆಯನ್ನು ನೋಡಿದರು, ಅಕ್ಕನ ರೇಷ್ಮೆ ಸೀರೆಯನ್ನು ನೋಡಿದರು. ಹೌದಾ, ಗೊತ್ತೇ ಆಗುವುದಿಲ್ಲ ಎಂದು ನಕ್ಕು, ಗೋಡೆಯ ಮೇಲಿನವಳನ್ನೇ ಮೊಬೈಲಿನಲ್ಲಿ ತೆಗೆದುಕೊಂಡು ಮುಂದೆ ಹೋದರು. ನನ್ನ ಖುಷಿ ಅಲ್ಲಿಗೇ ಇಂಗಿಹೋಯಿತು.

ಬಸ್ಸಿನಲ್ಲಿ ಅಕ್ಕ ಮುಡಿಯಿಂದ ಮಲ್ಲಿಗೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಆ ಗೋಡೆ ಮೇಲಿನವಳು ನನಗಿಂತ ಚಂದ ಇದ್ದಾಳೆ ಮಾರಾಯ್ತಿ" ಎಂದಳು.

"ಹೆಣೆಯಲಿಕ್ಕೂ ಬರ್ತದೆ ಅವಳಿಗೆ" ಎಂದೆ ನಾನು.

ಅವಳು ನಗಲಿಲ್ಲ, ನಾನೂ ನಗಲಿಲ್ಲ. ನಾವಿಬ್ಬರೂ ಒಬ್ಬಳೇ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು.