ಕೆಂಪಕ್ಷರದ ನಲವತ್ತು ರೂಪಾಯಿ

ಕೆಂಪು ಮಸಿಯಲ್ಲಿ ಬರೆದ ಮೊತ್ತವೆಂದರೆ ಲಕ್ಷ್ಮೀ ಕಟಾಕ್ಷ ಎಂದು ನಂಬಿದ್ದ ಮಹಾನುಭಾವ ನಾನೇ. ಮೊನ್ನೆ, ನಾನೀಗ ಲೆಕ್ಕ ಬರೆಯುವ ಅಜ್ಜಂಪುರದ ಅಂಗಡಿಯಲ್ಲಿ, ಮಸಿಪುಡಿಯ ಪೊಟ್ಟಣ ಬಿಚ್ಚಿ ನೀರಿಗೆ ಹಾಕಿದಾಗ ಆ ಒಗರು ವಾಸನೆ ಮೂಗಿಗೆ ಬಡಿಯಿತು. ಕಡೂರಿನ ಕೊಬ್ಬರಿ ಮಂಡಿಯ ದೊಡ್ಡ ಗುಮಾಸ್ತರು ಎದುರಿಗೆ ಬಂದು ಕೂತಂತಾಯಿತು…

ಆಗ ನಾನು ಮಂಡಿಗೆ ಸೇರಿ ಇಪ್ಪತ್ತು ದಿನ. ಲೆಕ್ಕದಲ್ಲಿ ನನ್ನಂಥ ಪಂಡಿತ ಬೀರೂರಿನಿಂದ ಶಿವಮೊಗ್ಗದವರೆಗೆ ಇಲ್ಲವೆಂದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಬೆಳೆಗಾರರು ಕೊಬ್ಬರಿ ತಂದು ಹಾಕುವರು, ಬೇಕಾದಾಗ ದುಡ್ಡು ಒಯ್ಯುವರು. ಒಬ್ಬೊಬ್ಬರಿಗೂ ಒಂದೊಂದು ಖಾತೆ. ದೊಡ್ಡ ಗುಮಾಸ್ತರು ಊಟಕ್ಕೆ ಹೋಗಿದ್ದಾಗ ಯಗಟಿಯ ತೋಟದ ಯಜಮಾನರೊಬ್ಬರು ಬಂದು ತಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರು. ಪುಟ ತೆಗೆದೆ. ಕೊನೆಯಲ್ಲಿ ನಲವತ್ತು ರೂಪಾಯಿ, ಕೆಂಪಕ್ಷರದಲ್ಲಿ. ಪುಸ್ತಕದ ಮೊದಲ ಪುಟದ ಶ್ರೀಕಾರವೂ ಕೆಂಪಿನಲ್ಲೇ ಇತ್ತು, ಮೇಲೆ ಕುಂಕುಮ ಬೇರೆ. ಇದೂ ಅಂಥದೇ ಮಂಗಳಕರವಾದ ಮೊತ್ತವೆಂದು ತೀರ್ಮಾನಿಸಿ, ನಲವತ್ತನ್ನೂ ಎಣಿಸಿ ಕೊಟ್ಟು, ಕೈಮುಗಿದೆ. ಯಜಮಾನರು ಎರಡು ಸಲ ನನ್ನ ಮುಖ ನೋಡಿದರು. ಆಮೇಲೆ ನನಗೊಂದಾಣೆ ಇನಾಮು ಕೊಟ್ಟು ಹೋದರು.

ಗುಮಾಸ್ತರು ಬಂದು ಪುಟ ನೋಡಿದರು. ಬೈಯಲಿಲ್ಲ.

"ಕೆಂಪಲ್ಲಿ ಬರೆದಿದ್ದು ಅವರು ನಮಗೆ ಕೊಡಬೇಕಾದ್ದು ಕಣೋ."

ಇದ್ದದ್ದೆಲ್ಲ ಒಯ್ದರೆ ಸೊನ್ನೆ ತಾನೇ, ಅದಕ್ಕಿಂತ ಕೆಳಗೆ ಇಳಿಯುವುದು ಹೇಗೆ ಎಂದು ನಾನು ದೊಡ್ಡ ಜಾಣನಂತೆ ಕೇಳಿದೆ.

"ಪೆಟ್ಟಿಗೇಲಿ ಇಳಿಯಕ್ಕಾಗಲ್ಲ. ಖಾತೇಲಿ ಇಳೀಬೌದು. ಪೆಟ್ಟಿಗೆ ಎಷ್ಟೈತೆ ಅಂತ ಹೇಳ್ತದೆ, ಖಾತೆ ಯಾರು ಯಾರಿಗೆ ಕೊಡಬೇಕು ಅಂತ ಹೇಳ್ತದೆ. ನಲವತ್ತು ಕಮ್ಮಿ ಇತ್ತು. ಈಗ ಎಂಬತ್ತು ಕಮ್ಮಿ."

ಮುಂದಿನ ಸಂತೆಯಲ್ಲಿ ಕೇಳಿದರೆ ಯಜಮಾನರು, ತಾನೇನೂ ಬೇಡಿರಲಿಲ್ಲ, ನಿಮ್ಮ ಹುಡುಗನೇ ಕೈಮುಗಿದು ಕೊಟ್ಟ ಎಂದರು. ಅಂದಿನಿಂದ ಅವರ ಗಾಡಿ ತರೀಕೆರೆಯ ಮಂಡಿಯ ಕಡೆಗೆ ತಿರುಗಿತು. ನಮ್ಮ ಮಂಡಿಯ ಸಾಹುಕಾರರು ಬಂದು, ದುಡ್ಡು ಎತ್ತಿಕೊಟ್ಟವನು ಯಾರು, ಅವನು ಈಗಲೇ ಗಂಟುಮೂಟೆ ಕಟ್ಟಲಿ ಎಂದು ಕೂಗಾಡಿದರು. ಅಷ್ಟರಲ್ಲಿ ನನ್ನ ನಾಲಿಗೆ ಊರು ಬಿಟ್ಟು ಹೋಗಿತ್ತು.

"ನಾನೇ ಕೊಟ್ಟೆ ಸಾವ್ಕಾರ್ರೇ," ಎಂದರು ಗುಮಾಸ್ತರು. "ನನ್ನ ಹೆಸರಿಗೆ ಹಾಕ್ಕಳಿ."

ಅವರ ಹೆಸರಿನ ಪುಟ ತೆರೆದು ಆ ನಲವತ್ತನ್ನು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಸಂಬಳದಲ್ಲಿ ತಿಂಗಳಿಗೆ ಎರಡು ರೂಪಾಯಿ ಹಿಡಿದರು. ಮೂವತ್ತೆಂಟು, ಮೂವತ್ತಾರು, ಮೂವತ್ತನಾಲ್ಕು… ಬರೆಯುತ್ತಾ ಹೋದೆ. ಅವರು ನಶ್ಯ ಏರಿಸುವುದನ್ನು ಬಿಟ್ಟರು. ನಾನು ಸಾಹುಕಾರರಿಗೆ ನಿಜ ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಳ್ಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಹನ್ನೆರಡಕ್ಕೆ ಇಳಿದಾಗ ಅವರಿಗೆ ಜ್ವರ ಬಂತು. ನಾಲ್ಕೇ ದಿನ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಹನ್ನೆರಡು ರೂಪಾಯಿ ಹೊಂದಿಸಿಕೊಂಡು ಹೋದರೆ, ಅವರ ಕೊನೆಯ ಸಂಬಳದಲ್ಲಿ ಹಿಡಿದು ಖಾತೆ ಮುಗಿಸಿಯಾಯಿತು ಎಂದರು ಸಾಹುಕಾರರು. ಪುಟದಲ್ಲಿ ಸೊನ್ನೆಯಿತ್ತು. ನನ್ನ ದುಡ್ಡನ್ನು ಬರೆಯಲು ಜಾಗವೇ ಇರಲಿಲ್ಲ.

ಈಗ ನನ್ನ ಕೈಕೆಳಗೂ ಇಬ್ಬರು ಬರೆಯುವವರಿದ್ದಾರೆ. ಏನೇನೋ ಹೇಳಿ ನಗಿಸುತ್ತಿರುತ್ತೇನೆ. ನನಗೆ ತಿಳಿಯದ್ದನ್ನು ಕೇಳಲು ದೊಡ್ಡ ಗುಮಾಸ್ತರಿಲ್ಲ, ಅಷ್ಟೇ…

ಅಂದು ಆ ಹನ್ನೆರಡು ರೂಪಾಯಿ ಹಿಡಿದು ಅವರ ಮನೆಗೂ ಹೋಗಿದ್ದೆ. ಬಾಗಿಲಲ್ಲೇ ನಿಂತು ಅವರ ಹೆಂಡತಿಗೆ ಎಲ್ಲವನ್ನೂ ಒದರಿಬಿಟ್ಟೆ. ಆಕೆ ದುಡ್ಡು ಮುಟ್ಟಲಿಲ್ಲ.

"ಗೊತ್ತಿತ್ತು ಕಣಪ್ಪಾ," ಎಂದರು. "ದಿನಾ ಸಂಜೆ ಬಂದು ಅಂಗಿ ಬಿಚ್ಚೋವಾಗ, 'ಸಾವ್ಕಾರ್ರಿಗೆ ಇವತ್ತು ಹೇಳ್ತಾನೇನೋ ಅಂತ ನೋಡ್ದೆ, ಇವತ್ತೂ ಹೇಳ್ಲಿಲ್ಲ ಕಣೇ' ಅಂತಿದ್ರು."