ಗೇಣು ದೂರದ ಕೈ

ಬೆಳಗಿನ ಆರೂವರೆ. ಆಸ್ಪತ್ರೆಯ ಹಿಂಬದಿಯ ಕಾರಿಡಾರಿನಲ್ಲಿ ಐವತ್ತೆರಡರ ಹೆಂಗಸೊಬ್ಬರು ಮೊಣಕಾಲೂರಿ ನೆಲಕ್ಕೆ ಹಳದಿ ಟೇಪು ಅಂಟಿಸುತ್ತಿದ್ದಾರೆ. ಇಪ್ಪತ್ತೆರಡು ಹೆಜ್ಜೆಯ ನೇರ ಗೆರೆ ಅದು. ಸಂಜೆ ನೆಲ ತೊಳೆಯುವಾಗ ಕಿತ್ತು ಬರುತ್ತದೆ, ಬೆಳಿಗ್ಗೆ ಇವರು ಮತ್ತೆ ಅಂಟಿಸುತ್ತಾರೆ. "ತೊಳೆಯೋದು ಅವರ ಕೆಲಸ, ಅಂಟಿಸೋದು ನಂದು. ಹದಿನಾಲ್ಕು ವರ್ಷ ಆಯ್ತು, ಇಬ್ರೂ ಸೋತಿಲ್ಲ," ಎನ್ನುತ್ತಾರೆ.

ತಲೆಸುತ್ತು ಬಂದು ನೆಲ ಹಿಡಿದವರನ್ನು ಮತ್ತೆ ನಡೆಸುವ ಫಿಸಿಯೊಥೆರಪಿಸ್ಟ್ ಇವರು. ಮುರಿದ ಕಾಲು ಎಲ್ಲರಿಗೂ ಕಾಣುತ್ತದೆ, ಸುತ್ತುವ ತಲೆ ಯಾರಿಗೂ ಕಾಣುವುದಿಲ್ಲ. ಮನೆಯವರೇ ನಾಟಕ ಎಂದುಬಿಡುತ್ತಾರೆ. ಆಸ್ಪತ್ರೆಯಲ್ಲೂ ಈ ಕೆಲಸಕ್ಕೆ ಅಂಥ ಕಿಮ್ಮತ್ತಿಲ್ಲ. ಇವರಿಗೆ ಸಿಕ್ಕಿರುವುದು ಹಿಂದೆ ಮುರಿದ ಮಂಚಗಳನ್ನು ಒಟ್ಟುತ್ತಿದ್ದ ಕೋಣೆ. ಮಿಣುಕುವ ಟ್ಯೂಬ್‌ಲೈಟು ಬದಲಿಸಿ ಎಂದು ನಾಲ್ಕು ಅರ್ಜಿ ಕೊಟ್ಟಿದ್ದಾರೆ. "ತಲೆ ಸುತ್ತೋರಿಗೆ ಅದು ಹಿಂಸೆ. ಅರ್ಜಿ ತಗೊಳ್ಳೋರಿಗೆ ನಾನು ಹಿಂಸೆ."

ದಿನಕ್ಕೆ ಹದಿನೆಂಟು, ಇಪ್ಪತ್ತು ಮಂದಿ ಬರುತ್ತಾರೆ. ಕೆಲವರನ್ನು ಒಂದು ಕ್ರಮದಲ್ಲಿ ತಲೆ ಹೊರಳಿಸಿ, ಮಲಗಿಸಿ ಎಬ್ಬಿಸಿದರೆ ಒಂದೆರಡು ದಿನದಲ್ಲೇ ಸರಿಹೋಗುತ್ತಾರೆ. ಒಳಗಿವಿಯ ನರವೇ ಸೋತವರು ಮಾತ್ರ ಬೆರಳ ತುದಿ ನೋಡುತ್ತ ತಲೆ ಆಡಿಸುವುದನ್ನು, ಮೆತ್ತನೆಯ ದಿಂಬಿನ ಮೇಲೆ ನಿಲ್ಲುವುದನ್ನು, ಗೆರೆಯ ಮೇಲೆ ನಡೆಯುವುದನ್ನು ತಿಂಗಳುಗಟ್ಟಲೆ ಕಲಿಯಬೇಕು. ಮೊದಮೊದಲು ಸುತ್ತು ಹೆಚ್ಚೇ ಆಗುತ್ತದೆ. ಆಗ ಬೈಗುಳ ಬೀಳುವುದು ಇವರಿಗೇ. "ಬೈಯೋರು ನಾಳೆ ಬರ್ತಾರೆ ಕಣ್ರಿ. ಸುಮ್ಮನಿರೋರೇ ಬರಲ್ಲ."

ರೋಗಿಗಳು ಇವರಿಗೆ ಇಟ್ಟ ಹೆಸರು ಗೇಣಕ್ಕ. ನಡೆಯುವವರ ಹಿಂದೆ ಎರಡೂ ಅಂಗೈ ಬಿಚ್ಚಿಕೊಂಡು ಹೋಗುತ್ತಾರೆ, ಆದರೆ ಮೈಗೆ ತಾಗಿಸುವುದಿಲ್ಲ. ಸರಿಯಾಗಿ ಒಂದು ಗೇಣು ಅಂತರ. ಬೀಳುವುದು ಖಚಿತವಾದಾಗ ಮಾತ್ರ ಹಿಡಿಯುತ್ತಾರೆ. ಈ ಅಂತರವನ್ನು ಅವರಿಗೆ ಕಲಿಸಿದ್ದು ಅವರದೇ ಒಂದು ತಪ್ಪು.

ಎರಡು ವರ್ಷದ ಹಿಂದೆ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಬಂದಿದ್ದರು. ಮೂರೇ ವಾರದಲ್ಲಿ ಗೆರೆಯ ಮೇಲೆ ಚೆನ್ನಾಗಿ ನಡೆದರು. ಇನ್ನು ಬರಬೇಕಿಲ್ಲ ಎಂದು ಬರೆದುಕೊಟ್ಟ ಮರುದಿನವೇ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. "ಆಮೇಲೆ ಹೊಳೀತು. ಅಷ್ಟೂ ದಿನ ನನ್ನ ಬೆರಳು ಅವರ ಬೆನ್ನಿಗೆ ತಾಗಿಕೊಂಡೇ ಇತ್ತು. ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಒಂದು ಬೆರಳ ಆಸರೇಲಿ ನಡೀತಿದ್ರು." ಇದನ್ನು ಹೇಳುವಾಗ ಗೇಣಕ್ಕ ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಾರೆ. ಸಂಕಟ ಇನ್ನೂ ಹಸಿಯಾಗಿದೆ.

ಮೂಳೆ ಕೂಡಿದ ಮೇಲೆ ಟೀಚರ್ ಬೇರೆ ಕಡೆ ಹೋಗದೆ ಇಲ್ಲಿಗೇ ಬಂದರು. ಈಗ ಮನೆಯಲ್ಲಿ ಐದು ತಿಂಗಳ ಮೊಮ್ಮಗಳಿದ್ದಾಳೆ. ಅಜ್ಜಿ ಎಲ್ಲಿ ಬಿದ್ದಾರೋ ಎಂಬ ಭಯಕ್ಕೆ ಮಗಳು ಒಂದು ಸಲವೂ ಮಗುವನ್ನು ನಿಂತ ಅಜ್ಜಿಯ ಕೈಗೆ ಕೊಟ್ಟಿಲ್ಲ. ಗೇಣಕ್ಕ ಸರಿ ಎಂದರೆ ಕೊಡುತ್ತೇನೆ ಎಂದಿದ್ದಾಳೆ. ಅದನ್ನು ಹೇಳಬೇಕಾದ ದಿನ ಇವತ್ತು.

ಬೆಂಚಿನ ಮೇಲೆ ಮಗಳು, ಮಡಿಲಲ್ಲಿ ಕೂಸು. ಟೀಚರ್ ಗೆರೆಯ ಮೇಲೆ ಹೊರಡುತ್ತಾರೆ. ಪಕ್ಕದ ಗೋಡೆಗೆ ಕಂಬಿಯಿದೆ, ಮುಟ್ಟುವುದಿಲ್ಲ.

"ಹಿಂದೆ ಇದ್ದೀಯೇನಮ್ಮ?"

"ನೀವು ನಡೀರಿ ಟೀಚರ್."

ಹನ್ನೊಂದನೆಯ ಹೆಜ್ಜೆಗೆ ಗೇಣಕ್ಕ ಸದ್ದಿಲ್ಲದೆ ನಿಂತುಬಿಡುತ್ತಾರೆ. ಟೀಚರ್ ಕೊನೆ ಮುಟ್ಟುವ ಹೊತ್ತಿಗೆ ಹಿಂದಿನಿಂದ "ಟೀಚರ್" ಎಂದು ಕೂಗುತ್ತಾರೆ. ವಾಸಿಯಾಯಿತೆಂದು ಯಾರನ್ನೇ ಕಳಿಸುವ ಮೊದಲು ಈಗ ಅವರು ಮಾಡುವ ಕೊನೆಯ ಪರೀಕ್ಷೆ ಇದು.

ಟೀಚರ್ ಥಟ್ಟನೆ ತಿರುಗುತ್ತಾರೆ. ಭುಜ ವಾಲುತ್ತದೆ, ಒಂದು ಕಾಲು ಗೆರೆಯಿಂದಾಚೆ ಹೋಗುತ್ತದೆ. ಕಂಬಿ ಹಿಡಿಯದೆ ಅದನ್ನು ಅಲ್ಲೇ ಊರಿ ನಿಲ್ಲುತ್ತಾರೆ.

"ಅಷ್ಟು ದೂರ ಯಾವಾಗ ಹೋದೆ?"

"ನಾನು ನಿಂತು ಹೊತ್ತಾಯ್ತು. ನಡೆದಿದ್ದು ನೀವು."

ಗೇಣಕ್ಕ ಮಗಳ ಕಡೆ ನೋಡಿ ತಲೆಯಾಡಿಸುತ್ತಾರೆ. ಆಕೆ ಎದ್ದು ಬಂದು, ಒಂದು ಕ್ಷಣ ತಡೆದು, ಕೂಸನ್ನು ತಾಯಿಯ ತೋಳಿಗೆ ಕೊಡುತ್ತಾಳೆ. ಪಕ್ಕಕ್ಕೆ ಬಂದ ಗೇಣಕ್ಕನ ಕೈಗಳು ತಾವಾಗಿಯೇ ಮೇಲೆದ್ದು ಒಂದು ಗೇಣು ದೂರದಲ್ಲಿ ನಿಲ್ಲುತ್ತವೆ. ಕೂಸು ಅಜ್ಜಿಯ ಕನ್ನಡಕಕ್ಕೆ ಕೈ ಹಾಕುತ್ತದೆ, ಅಜ್ಜಿ ತಲೆ ಆಚೀಚೆ ತಪ್ಪಿಸುತ್ತಾರೆ, ನಗುತ್ತಾರೆ, ನಿಂತೇ ಇರುತ್ತಾರೆ. ಗೇಣಕ್ಕ ಕೈ ಇಳಿಸುತ್ತಾರೆ.

ಕೋಣೆಯ ಬಾಗಿಲಲ್ಲಿ ಮುಂದಿನ ರೋಗಿ ಗೋಡೆ ಹಿಡಿದು ನಿಂತಿದ್ದಾರೆ. ಅತ್ತ ಹೋಗುತ್ತ ಗೇಣಕ್ಕ ತಮ್ಮ ತೋರುಬೆರಳು ನೋಡಿಕೊಳ್ಳುತ್ತಾರೆ. "ಎರಡು ವರ್ಷದಿಂದ ದಿನಾ ಇದಕ್ಕೆ ಬೈತಿದ್ದೆ. ಇವತ್ತೊಂದು ದಿನ ಬೈಯಲ್ಲ."